ಕಾಲೇಜಿನಲ್ಲಿ ಮಗಳೇ ಮಾತಾಡಲಿ

ಪ್ರಶ್ನೆ: ನನ್ನ ಮಗಳಿಗೆ ಹುಟ್ಟಿನಿಂದಲೂ ಮಂದದೃಷ್ಟಿ. 60 ಪರ್ಸೆಂಟ್ ಅಂಗವೈಕಲ್ಯ ಅಂತ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಇದೆ. ದಪ್ಪ ಅಕ್ಷರವಾದರೆ ಹತ್ತಿರ ಹಿಡಿದು ಓದುತ್ತಾಳೆ. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಸ್ಕ್ರೈಬ್ (ಹೇಳಿದ ಉತ್ತರ ಬರೆದುಕೊಡುವವರು) ಇಟ್ಟುಕೊಂಡು ಬರೆದು ಪಾಸಾದಳು. ಈಗ ದಾವಣಗೆರೆಯಲ್ಲಿ ಬಿ.ಕಾಂ ಸೇರಿಸಿ ಹಾಸ್ಟೆಲಿನಲ್ಲಿ ಬಿಡಬೇಕು. ಇಷ್ಟು ದಿನ ಎಲ್ಲ ಕಡೆ ನಾನೇ ಹೋಗಿ ಮಾತಾಡುತ್ತಿದ್ದೆ. ಅಲ್ಲಿ ಯಾರು ನೋಡಿಕೊಳ್ಳುತ್ತಾರೆ? ಅಕೌಂಟ್ಸ್ ಅವಳ ಕೈಲಿ ಆಗುತ್ತದಾ?
– ಒಬ್ಬ ತಾಯಿ, ರಾಣೆಬೆನ್ನೂರು

ಉತ್ತರ: ಅಕೌಂಟ್ಸ್ ಖಂಡಿತ ಆಗುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ. ‘ಎಲ್ಲ ಕಡೆ ನಾನೇ ಹೋಗಿ ಮಾತಾಡುತ್ತಿದ್ದೆ’ ಅಂದಿರಲ್ಲ, ಮೊದಲು ಆ ಮಾತು. ನೀವು ಹಾಗೆ ಓಡಾಡಿದ್ದಕ್ಕೇ ಅವಳು ಇಲ್ಲಿವರೆಗೆ ಬಂದಳು. ಆದರೆ ಡಿಗ್ರಿಯಲ್ಲಿ ಒಂದೊಂದು ವಿಷಯಕ್ಕೂ ಒಬ್ಬೊಬ್ಬ ಮೇಷ್ಟ್ರು. ಸೆಮಿಸ್ಟರ್ ಮುಗಿದರೆ ಅವರೂ ಬದಲಾಗುತ್ತಾರೆ. ಪ್ರತಿ ಸಲ ನೀವು ಬಸ್ ಹತ್ತಿ ಬಂದು ಹೇಳಲು ಆಗುವುದಿಲ್ಲ. ತನಗೇನು ಬೇಕು ಅಂತ ಇನ್ನು ಅವಳೇ ಕೇಳಬೇಕು. ಈ ರಜೆಯಲ್ಲೇ ಅದನ್ನು ರೂಢಿ ಮಾಡಿಸಿ. ಕಣ್ಣಿನ ಡಾಕ್ಟರ ಹತ್ತಿರ ಅವಳೇ ಮಾತಾಡಲಿ, ನೀವು ಪಕ್ಕದಲ್ಲಿ ಸುಮ್ನೆ ಕೂತಿರಿ. ಬ್ಯಾಂಕಿಗೂ ಅವಳೇ ಹೋಗಿಬರಲಿ.

ಕೇಳುವ ರೀತಿಯೂ ಮುಖ್ಯ. ‘ನನಗೆ ಕಣ್ಣು ಸರಿಯಾಗಿ ಕಾಣಲ್ಲ’ ಅಂದರೆ ಮೇಷ್ಟ್ರು ಅಯ್ಯೋ ಪಾಪ ಅನ್ನುತ್ತಾರೆ, ಅಷ್ಟೇ. ‘ಸರ್, ಬೋರ್ಡ್ ಮೇಲೆ ಬರೆದದ್ದನ್ನು ಬಾಯಲ್ಲೂ ಹೇಳಿ, ನೋಟ್ಸನ್ನು ವಾಟ್ಸಾಪಿಗೆ ಹಾಕಿ’ ಅಂದರೆ ಅವರಿಗೂ ಮಾಡುವುದು ಸುಲಭ. ಕ್ಲಾಸ್ ಶುರುವಾಗುವ ಮೊದಲೇ ಪ್ರಿನ್ಸಿಪಾಲರನ್ನು ಕಂಡು, ಬೇಕಾದ ನೆರವನ್ನೆಲ್ಲ ಬರೆದ ಒಂದು ಪುಟದ ಅರ್ಜಿ ಕೊಡಲಿ. ಜೊತೆಗೆ ಯುಡಿಐಡಿ ಜೆರಾಕ್ಸ್ ಇರಲಿ. ಅರ್ಜಿಯ ಇನ್ನೊಂದು ಪ್ರತಿಗೆ ಆಫೀಸಿನ ಸೀಲು ಹಾಕಿಸಿ ಇಟ್ಟುಕೊಳ್ಳಲಿ.

ಇದನ್ನು ಕೇಳಲು ಸಂಕೋಚ ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅವಳ ಬೆನ್ನಿಗಿದೆ. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ, 40 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಕನಿಷ್ಠ 5 ಪರ್ಸೆಂಟ್ ಸೀಟು ಮೀಸಲು. ಅಡ್ಮಿಷನ್ ಅರ್ಜಿಯಲ್ಲಿ ಆ ಕಾಲಂ ಬಿಡದೆ ತುಂಬಿಸಿ.

ಪರೀಕ್ಷೆಯ ವಿಷಯದಲ್ಲಿ ಎಡವುವವರು ಜಾಸ್ತಿ. ಕೇಂದ್ರದ ಮಾರ್ಗಸೂಚಿ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿಗೆ ಸಮಯ ಕೊಡಬೇಕು, ಅಂದರೆ ಮೂರು ಗಂಟೆಯ ಪೇಪರಿಗೆ ಒಂದು ಗಂಟೆ. ಆದರೆ ಪಿಯುಸಿಯಲ್ಲಿ ಸಿಕ್ಕ ಅನುಮತಿ ಇಲ್ಲಿ ನಡೆಯುವುದಿಲ್ಲ. ಈಗ ಪರೀಕ್ಷೆ ನಡೆಸುವುದು ವಿಶ್ವವಿದ್ಯಾಲಯ. ಸ್ಕ್ರೈಬ್ ಬೇಕೆಂಬ ಅರ್ಜಿಯನ್ನು ಪರೀಕ್ಷಾ ಶುಲ್ಕ ಕಟ್ಟುವಾಗಲೇ ಕೊಡಿ, ಹಾಲ್ ಟಿಕೆಟ್ ಬರಲಿ ಅಂತ ಕಾಯಬೇಡಿ. ಇಂಟರ್ನಲ್ಸ್‌ಗೂ ಇದೇ ಅನುಕೂಲ ಕೇಳಿ ಪಡೆಯಬೇಕು.

ಈಗ ಅಕೌಂಟ್ಸ್. ಲೆಕ್ಕ ತಿಳಿಯುವುದಕ್ಕೆ ಕಣ್ಣು ಅಡ್ಡಿಯಲ್ಲ, ಪುಟದ ತುಂಬ ಇರುವ ಸಣ್ಣ ಗೆರೆ, ಸಣ್ಣ ಅಂಕಿಗಳೇ ತೊಂದರೆ. ಎ3 ಹಾಳೆಯಲ್ಲಿ ದಪ್ಪ ಕಪ್ಪು ಪೆನ್ನಿನಿಂದ ಲೆಡ್ಜರ್ ಗೆರೆ ಎಳೆದು ಅಭ್ಯಾಸ ಮಾಡಲಿ. ಕಂಪ್ಯೂಟರಿಗೆ ಎನ್‌ವಿಡಿಎ ಹಾಕಿಸಿ. ತೆರೆಯ ಮೇಲಿರುವುದನ್ನು ಓದಿ ಹೇಳುವ ಈ ತಂತ್ರಾಂಶ ಉಚಿತ, ಕನ್ನಡವನ್ನೂ ಓದುತ್ತದೆ. ಎಕ್ಸೆಲ್‌ನಲ್ಲಿ ಬಾಣದ ಕೀ ಒತ್ತಿದಂತೆ ಒಂದೊಂದು ಮನೆಯ ಅಂಕಿಯನ್ನೂ ಹೇಳುತ್ತದೆ. ಇದನ್ನು ಈಗಲೇ ಚೆನ್ನಾಗಿ ಕಲಿತರೆ ಮುಂದೆ ಕೆಲಸಕ್ಕೂ ಬರುತ್ತದೆ.

ಸ್ಕ್ರೈಬ್‌ಗೆ ಲೆಕ್ಕ ಹೇಳಿ ಬರೆಸುವುದನ್ನು ಬೇರೆಯಾಗಿಯೇ ಕಲಿಯಬೇಕು. ಬರೆಯುವ ಹುಡುಗಿ ಕಾಮರ್ಸ್ ಓದದೇ ಇರಬಹುದು. ‘ಕ್ಯಾಶ್ ಅಕೌಂಟ್ ಹಾಕು’ ಅಂದರೆ ಪೆನ್ನು ಹಿಡಿದು ಸುಮ್ಮನೆ ಕೂತುಬಿಡುತ್ತಾಳೆ. ‘ನಡುವೆ ಉದ್ದ ಗೆರೆ ಎಳಿ. ಎಡಗಡೆ ಮೊದಲ ಸಾಲು, ಟು ಬ್ಯಾಲೆನ್ಸ್ ಬಿ ಡಿ, ಹನ್ನೆರಡು ಸಾವಿರ’ ಅಂತ ಹೇಳಬೇಕು. ಹೇಳಿ ಆದಮೇಲೆ ಅಂಕಿಯನ್ನು ಮತ್ತೆ ಓದಿಸಿಕೊಳ್ಳಬೇಕು. ತಂಗಿಯನ್ನೋ ಪಕ್ಕದ ಮನೆಯ ಹುಡುಗಿಯನ್ನೋ ಕೂರಿಸಿಕೊಂಡು, ಗಡಿಯಾರ ಇಟ್ಟು ಹಳೆಯ ಪೇಪರುಗಳನ್ನು ಬರೆಸಲಿ. ಇದನ್ನು ಮಾತ್ರ ದಯವಿಟ್ಟು ತಪ್ಪಿಸಬೇಡಿ. ಉತ್ತರ ಗೊತ್ತಿದ್ದೂ ಬರೆಸಲಾಗದೆ ಅಂಕ ಕಳೆದುಕೊಳ್ಳುವ ಮಕ್ಕಳನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಪುಸ್ತಕಗಳಿಗೆ ‘ಸುಗಮ್ಯ ಪುಸ್ತಕಾಲಯ’ ಅನ್ನುವ ಆನ್‌ಲೈನ್ ಗ್ರಂಥಾಲಯಕ್ಕೆ ಸದಸ್ಯಳಾಗಲಿ. ಅಲ್ಲಿ ಸಿಗದ ಪುಸ್ತಕವನ್ನು ಸ್ಕ್ಯಾನ್ ಮಾಡಿಸಿಕೊಳ್ಳಲಿ. ಕಾಪಿರೈಟ್ ತೊಂದರೆ ಅಂತ ಯಾರಾದರೂ ಹೆದರಿಸಿದರೆ, ಅಂಗವಿಕಲರ ಓದಿಗಾಗಿ ಪುಸ್ತಕದ ರೂಪ ಬದಲಿಸಲು ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯಲ್ಲೇ ಅವಕಾಶ ಇದೆ ಅಂತ ಹೇಳಿ. ಮನೆಯ ಆದಾಯ ವರ್ಷಕ್ಕೆ ಎರಡೂವರೆ ಲಕ್ಷದ ಒಳಗಿದ್ದರೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅಂಗವಿಕಲರ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ಪಿಗೂ ಅರ್ಜಿ ಹಾಕಿ.

ಹಾಸ್ಟೆಲಿಗೆ ಎರಡು ದಿನ ಮೊದಲೇ ಹೋಗಿ. ಮೆಟ್ಟಿಲು, ಬಚ್ಚಲು, ಊಟದ ಹಾಲ್, ಕಾಲೇಜಿನ ದಾರಿ ಎಲ್ಲ ಬೆಳಕಿದ್ದಾಗ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಅವಳೇ ಮುಂದೆ ನಡೆದು ನೋಡಲಿ.

ಪ್ರಶ್ನೆ: ನನಗೆ ಡಿಸ್ಲೆಕ್ಸಿಯಾ (ಓದುಬರಹ ಕಷ್ಟವಾಗುವ ಕಲಿಕಾ ತೊಂದರೆ) ಇದೆ. ಬರೆಯುವುದು ತುಂಬಾ ನಿಧಾನ. 40 ಪರ್ಸೆಂಟ್ ಅಂಗವೈಕಲ್ಯ ಇಲ್ಲದಿದ್ದರೆ ಸ್ಕ್ರೈಬ್ ಇಲ್ಲ ಅಂತ ಕಾಲೇಜಿನಲ್ಲಿ ಹೇಳಿದರು. ಕ್ಲಾಸಿನವರಿಗೆ ಗೊತ್ತಾಗುವುದೂ ನನಗೆ ಇಷ್ಟವಿಲ್ಲ.
– ವಿದ್ಯಾರ್ಥಿ, ಮೈಸೂರು

ಉತ್ತರ: 40 ಪರ್ಸೆಂಟ್ ಬೇಕಿರುವುದು ಸೀಟಿನ ಮೀಸಲಾತಿಗೆ. ಸ್ಕ್ರೈಬ್ ಪಡೆಯಲು ಅಷ್ಟು ಇರಲೇಬೇಕೆಂದು ಒತ್ತಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಹೇಳಿದೆ. ಬರೆಯುವಾಗ ಕೈ ಸೆಳೆತ ಬರುವ ಸಮಸ್ಯೆ ಇದ್ದ ಯುಪಿಎಸ್‌ಸಿ ಅಭ್ಯರ್ಥಿಯೊಬ್ಬರ ಪ್ರಕರಣ ಅದು. ಆ ತೀರ್ಪಿನ ಪ್ರತಿ ಇಟ್ಟು ಮತ್ತೆ ಅರ್ಜಿ ಕೊಡಿ. ಆಗಲ್ಲ ಅಂದರೆ ಅದನ್ನೇ ಬರೆದು ಕೊಡಲು ಕೇಳಿ. ಆ ಪತ್ರ ಹಿಡಿದು ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು.

ಗೆಳೆಯರಿಗೆ ಹೇಳುವುದು ಬಿಡುವುದು ನಿಮ್ಮಿಷ್ಟ. ಪರೀಕ್ಷಾ ವಿಭಾಗಕ್ಕೆ ಮಾತ್ರ ಹೇಳಲೇಬೇಕು. ಡಾಕ್ಟರ ಪತ್ರದಲ್ಲಿ ‘ಡಿಸ್ಲೆಕ್ಸಿಯಾ ಇದೆ’ ಅಂತಷ್ಟೇ ಇದ್ದರೆ ಸಾಲದು. ಬರೆಯಲು ಎಷ್ಟು ಕಷ್ಟ, ಸ್ಕ್ರೈಬ್ ಬೇಕೋ ಬರೀ ಹೆಚ್ಚಿನ ಸಮಯ ಸಾಕೋ ಅನ್ನುವುದನ್ನೂ ಬರೆಸಿಕೊಳ್ಳಿ.