ಕೆಳಗೆ ಶಾಲು, ಮೇಲೆ ಕುಲುಮೆ: ಓದುಗರ ಪ್ರಶ್ನೆಗೆ ಉತ್ತರ

ಈ ಸಲದ ಅಂಚೆಯಲ್ಲಿ ಬಂದ ಮೂರು ಪ್ರಶ್ನೆಗಳೂ ಹೆಚ್ಚುಕಮ್ಮಿ ಒಂದೇ ವಿಷಯದ್ದು. ಒಂದೇ ಮನೆಯಲ್ಲಿ ಒಂದು ಕೋಣೆಗೆ ಒಂದು ಹವೆ, ಇನ್ನೊಂದಕ್ಕೆ ಇನ್ನೊಂದು. ಒಂದು ಪತ್ರ ಸೆಖೆಯದು, ಒಂದು ಚಳಿಯದು, ಒಂದು ಬಿಸಿನೀರಿನದು.

ಗಾಂಧಿನಗರ, ಬಳ್ಳಾರಿಯಿಂದ ಒಬ್ಬ ಓದುಗರು: ನಮ್ಮದು ಎರಡಂತಸ್ತಿನ ಮನೆ. ಕೆಳಗೆ ಹಾಲ್, ಅಡುಗೆಮನೆ, ಅಪ್ಪ-ಅಮ್ಮನ ಕೋಣೆ. ಮೇಲೆ ನಮ್ಮದೊಂದು, ಮಕ್ಕಳದೊಂದು ಬೆಡ್‌ರೂಮ್. ಮೆಟ್ಟಿಲು ಹಾಲ್ ಒಳಗಿಂದಲೇ ಹತ್ತುತ್ತೆ. ಹೋದ ವರ್ಷ ಹಾಲ್‌ಗೆ ಎರಡು ಟನ್ ಎಸಿ ಹಾಕಿಸಿದೆವು. ಅಪ್ಪ ಅಲ್ಲಿ ಶಾಲು ಹೊದ್ದು ಕೂರುತ್ತಾರೆ, ಮೇಲೆ ನಾವು ಬೇಯುತ್ತೇವೆ. ಈಗ ಅಂಗಡಿಯವರು ಹೊರಗೆ ಒಂದೇ ಯಂತ್ರ, ಒಳಗೆ ನಾಲ್ಕು ಯೂನಿಟ್, ಕೋಣೆಗೊಂದು ರಿಮೋಟ್, ಇದು ಮಲ್ಟಿ ಝೋನ್, ಇದನ್ನೇ ಹಾಕಿಸಿ ಅಂತಿದ್ದಾರೆ. ಹಾಕಿಸಬಹುದಾ? ಬಿಲ್ ಕಡಿಮೆ ಆಗುತ್ತಾ?

ಸರ್, ಅಂಗಡಿಗೆ ಆಮೇಲೆ ಹೋಗಿ. ಮೊದಲು ನಿಮ್ಮ ಮೆಟ್ಟಿಲ ಕಥೆ ನೋಡೋಣ. ತಣ್ಣನೆ ಗಾಳಿ ಭಾರ, ಅದು ಮೆಟ್ಟಿಲು ಹತ್ತುವುದಿಲ್ಲ. ಹಾಲ್‌ನಲ್ಲಿ ಎರಡಲ್ಲ, ನಾಲ್ಕು ಟನ್ ಇಟ್ಟರೂ ಮೇಲಿನವರಿಗೆ ಅದರ ಸುಖ ಇಲ್ಲ. ಮೇಲೆ ಎಸಿ ಹಾಕಿ ಬಾಗಿಲು ತೆರೆದಿಟ್ಟರೆ ಆಗುವುದು ಉಲ್ಟಾ, ತಂಪೆಲ್ಲಾ ಮೆಟ್ಟಿಲಿಳಿದು ಹಾಲ್ ಸೇರುತ್ತೆ. ಇದು ನನಗೆ ಪುಸ್ತಕದಿಂದ ಗೊತ್ತಾಗಿದ್ದಲ್ಲ. ನಮ್ಮ ಮಹಡಿ ಕೋಣೆಗೆ ಎಸಿ ಹಾಕಿಸಿ ವಾರವಾದರೂ ಕೋಣೆ ಸರಿಯಾಗಿ ತಂಪಾಗಲಿಲ್ಲ, ಗ್ಯಾಸ್ ಕಡಿಮೆ ಇರಬೇಕು ಅಂತ ಮೆಕ್ಯಾನಿಕ್‌ನನ್ನು ಎರಡು ಸಲ ಕರೆಸಿ ಬೈದೆ. ಆಮೇಲೊಂದು ರಾತ್ರಿ ಸುಮ್ನೆ ಊದಿನಕಡ್ಡಿ ಹಚ್ಚಿ ಬಾಗಿಲ ಬುಡದಲ್ಲಿ ಹಿಡಿದೆ. ಅಲ್ಲಿ ಎರಡು ಬೆರಳು ಸಂದು ಇತ್ತು. ಹೊಗೆ ಮೇಲೇಳಲೇ ಇಲ್ಲ, ನೆಲಕ್ಕೆ ಬಾಗಿ, ಬಾಗಿಲ ಕೆಳಗೆ ನುಸುಳಿ, ಮೆಟ್ಟಿಲ ಕಡೆ ನೀರಿನ ಹಾಗೆ ಹರಿದು ಹೋಯಿತು. ನಮ್ಮವ್ವನ ಹಳೇ ಕೌದಿ ಸುತ್ತಿ ಆ ಸಂದಿಗೆ ಒತ್ತಿದೆ. ಅಷ್ಟೇ ರಿಪೇರಿ!

ಝೋನ್ ಅಂದರೆ ಬೇರೇನಲ್ಲ. ಮನೆಯನ್ನು ತುಂಡು ಮಾಡಿ, ಪ್ರತಿ ತುಂಡಿಗೂ ತನ್ನದೇ ಹವೆ, ತನ್ನದೇ ಸಮಯ ಕೊಡುವುದು. ಆ ತುಂಡು ಮಾಡುವ ಕೆಲಸವನ್ನು ಬಾಗಿಲು, ಪರದೆ, ಗೋಡೆ ಮಾಡಬೇಕು, ರಿಮೋಟ್‌ನಿಂದ ಅದು ಆಗುವುದಿಲ್ಲ. ಹಾಲ್ ಮತ್ತು ಮೆಟ್ಟಿಲ ನಡುವೆ ಏನೂ ಇಲ್ಲದಿದ್ದರೆ ಎಷ್ಟು ರಿಮೋಟ್ ಇದ್ದರೂ ನಿಮ್ಮದು ಒಂದೇ ಝೋನ್.

ಇನ್ನು, ಯಾವ ಕೋಣೆಗೆ ಯಾವಾಗ ಜನ ಇರುತ್ತಾರೆ ಅಂತ ಒಂದು ಹಾಳೆ ಮೇಲೆ ಬರೆಯಿರಿ. ಅಪ್ಪ-ಅಮ್ಮ ಮಧ್ಯಾಹ್ನ ಹನ್ನೆರಡರಿಂದ ಐದು ಹಾಲ್, ರಾತ್ರಿ ಅವರ ಕೋಣೆ. ನೀವು, ಮಕ್ಕಳು ರಾತ್ರಿ ಹತ್ತರಿಂದ ಬೆಳಗಿನವರೆಗೆ ಮೇಲೆ. ಹೀಗೇ ಅಲ್ವಾ? ಅಂದರೆ ನಾಲ್ಕೂ ಒಟ್ಟಿಗೆ ಓಡುವ ಹೊತ್ತು ನಿಮ್ಮ ಮನೆಯಲ್ಲಿ ಇಲ್ಲವೇ ಇಲ್ಲ. ಬರೀ ಮಕ್ಕಳ ಕೋಣೆಗೆ ಒಂದು ಟನ್ ಸಾಕಾಗುವ ರಾತ್ರಿ, ನಾಲ್ಕು ಕೋಣೆಗೆ ಅಂತ ತಂದ ದೊಡ್ಡ ಕಂಪ್ರೆಸರ್ ತನ್ನ ವೇಗವನ್ನು ಅಷ್ಟು ತಗ್ಗಿಸಲಾರದೆ ಆನ್-ಆಫ್ ಆಗುತ್ತಾ ಕರೆಂಟ್ ತಿನ್ನುತ್ತೆ. ಇನ್ನೊಂದು, ಹೊರಗಿನ ಆ ಒಂದು ಯಂತ್ರ ಮೇ ತಿಂಗಳಲ್ಲಿ ಕೈಕೊಟ್ಟರೆ ನಾಲ್ಕೂ ಕೋಣೆ ಒಟ್ಟಿಗೆ ಮಲಗುತ್ತವೆ. ಬಳ್ಳಾರಿಯ ಮೇ! ಮೆಕ್ಯಾನಿಕ್ ಬರುವುದು ನಾಲ್ಕನೇ ದಿನ. ಮಲ್ಟಿ ಸ್ಪ್ಲಿಟ್, ಅಂದರೆ ಅಂಗಡಿಯವರು ಹೇಳಿದ ಈ ಹೊರಗೊಂದು ಒಳಗೆ ನಾಲ್ಕರ ಎಸಿ, ಕೆಟ್ಟದ್ದು ಅಂತಲ್ಲ. ಅಪಾರ್ಟ್‌ಮೆಂಟ್‌ನಲ್ಲಿ ಹೊರಗಿನ ಯೂನಿಟ್ ಇಡಲು ಒಂದೇ ಜಾಗ ಇದ್ದವರಿಗೆ ಅದು ಸರಿ. ನಿಮಗೆ ಸುತ್ತಲೂ ಗೋಡೆ ಇದೆ, ಮೇಲೆ ಮಾಳಿಗೆ ಇದೆ. ಮೇಲಿನ ಎರಡು ಕೋಣೆಗೆ ಬೇರೆ ಬೇರೆ ಇನ್ವರ್ಟರ್ ಸ್ಪ್ಲಿಟ್ (ಬೇಕಾದಂತೆ ಕಂಪ್ರೆಸರ್ ವೇಗ ತಾನೇ ಏರಿಸಿ ಇಳಿಸುವ ಎಸಿ) ಹಾಕಿಸಿ, ಮಕ್ಕಳದು ಚಿಕ್ಕ ಕೋಣೆಯಾದರೆ ಒಂದು ಟನ್, ನಿಮ್ಮದಕ್ಕೆ ಒಂದೂವರೆ. ಪ್ರತಿಯೊಂದೂ ತಾನೇ ಒಂದು ಝೋನ್.

ಹೊಸ ಮನೆ ಕಟ್ಟುವವರು ಡಕ್ಟ್ ಎಸಿ ಕೇಳುತ್ತಾರೆ. ಫಾಲ್ಸ್ ಸೀಲಿಂಗ್ ಒಳಗೆ ಕೊಳವೆ, ಪ್ರತಿ ಕೋಣೆಗೆ ಮೋಟರ್ ಇರುವ ಡ್ಯಾಂಪರ್, ಅಂದರೆ ಗಾಳಿ ಬಿಡುವ-ತಡೆಯುವ ಮುಚ್ಚಳ, ಗೋಡೆಯಲ್ಲಿ ಕೋಣೆಯ ಬಿಸಿ ನೋಡಿ ಅಪ್ಪಣೆ ಕೊಡುವ ಥರ್ಮೋಸ್ಟಾಟ್. ಚೆನ್ನಾಗಿರುತ್ತೆ, ಆದರೆ ಮೂರು ಡ್ಯಾಂಪರ್ ಮುಚ್ಚಿ ಒಂದೇ ತೆರೆದಾಗ ಅಷ್ಟೂ ಗಾಳಿ ಎಲ್ಲಿಗೆ ಹೋಗಬೇಕು? ಕೋಣೆಯಲ್ಲಿ ಭರ್ರೋ ಅಂತ ಸದ್ದು, ಒಳಗೆ ಗಾಳಿ ತಂಪು ಮಾಡುವ ಕಾಯಿಲ್ ಮೇಲೆ ಐಸ್. ಫ್ಯಾನಿನ ವೇಗ ತಾನೇ ತಗ್ಗುವ ಯಂತ್ರವೋ ಅಲ್ಲವೋ ಕೇಳಿಯೇ ದುಡ್ಡು ಕೊಡಿ.

ಈಗ ಬಿಲ್. ಒಂದೂವರೆ ಟನ್ನಿನ ಒಳ್ಳೆಯ ಇನ್ವರ್ಟರ್ ಎಸಿ ನಮ್ಮ ಬೇಸಿಗೆಯಲ್ಲಿ ರಾತ್ರಿ ಎಂಟು ಗಂಟೆ ಓಡಿದರೆ ಸುಮಾರು ಆರರಿಂದ ಎಂಟು ಯೂನಿಟ್ ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಹತ್ತಿರ ಹತ್ತಿರ 200. ಗೃಹಜ್ಯೋತಿ ನಂಬಿಕೊಂಡವರು ಇಲ್ಲಿ ಎಡವುತ್ತಾರೆ. 2022-23ರ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ ನಿಮಗೆ ಇಷ್ಟು ಯೂನಿಟ್ ಉಚಿತ ಅಂತ ಗೊತ್ತು ಮಾಡಿರುತ್ತಾರೆ, ಅದನ್ನು ದಾಟಿದರೆ ಹೆಚ್ಚುವರಿಗೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲೇ ನಿಮ್ಮದು. ಎಸಿ ಹಾಕಿದ ಮನೆಗೆ ಏಪ್ರಿಲ್, ಮೇ ಉಚಿತ ಅಲ್ಲ ಅಂತ ಮನಸ್ಸಿನಲ್ಲೇ ಬರೆದಿಟ್ಟುಕೊಳ್ಳಿ. ಹಾಗೇ ಮೀಟರ್‌ಗೆ ಮಂಜೂರಾದ ಲೋಡ್ ಎಷ್ಟು ಅಂತ ಹಳೇ ಬಿಲ್‌ನಲ್ಲಿ ನೋಡಿ, ಮೂರು ಎಸಿಗೆ ಅದು ಸಾಲದಿದ್ದರೆ ಮೊದಲೇ ಜೆಸ್ಕಾಂ ಕಚೇರಿಗೆ ಅರ್ಜಿ ಹಾಕಿ.

ರಿಮೋಟ್‌ನಲ್ಲಿ 16 ಒತ್ತಿದರೆ ಬೇಗ ತಂಪಾಗುತ್ತೆ ಅಂತ ಎಲ್ಲರ ಮನೆಯಲ್ಲೂ ಒಬ್ಬರು ನಂಬಿರುತ್ತಾರೆ. ಕೋಣೆ 36 ಇದ್ದಾಗ 24 ಇಟ್ಟರೂ 16 ಇಟ್ಟರೂ ಕಂಪ್ರೆಸರ್ ಪೂರ್ತಿ ವೇಗದಲ್ಲೇ ಓಡುತ್ತೆ. 16 ಇಟ್ಟವರದ್ದು ನಿಲ್ಲುವುದೇ ಇಲ್ಲ, ವ್ಯತ್ಯಾಸ ಅಷ್ಟೇ. 2020ರ ಜನವರಿಯಿಂದ ಸ್ಟಾರ್ ಇರುವ ಎಸಿಗಳು ಆನ್ ಮಾಡಿದ ಕೂಡಲೇ 24ರಲ್ಲಿ ಶುರುವಾಗಬೇಕು ಅಂತ ಬಿಇಇ (ಕರೆಂಟ್ ಉಳಿತಾಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ನಿಯಮ ತಂದಿದೆ. ಒಂದೊಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6 ಕರೆಂಟ್ ಉಳಿಯುತ್ತೆ ಅನ್ನುವುದೂ ಅವರದೇ ಲೆಕ್ಕ. 26ಕ್ಕೆ ಇಟ್ಟು ಫ್ಯಾನ್ ನಿಧಾನಕ್ಕೆ ಹಾಕಿ. ಅಪ್ಪನಿಗೆ ಶಾಲು ಬೇಕಾಗಲ್ಲ.

ಇದಕ್ಕೆಲ್ಲ ಮುಂಚೆ ಮಾಡಬೇಕಾದ್ದು ಮಾಳಿಗೆಯ ಕೆಲಸ. ಆರ್‌ಸಿಸಿ ಸ್ಲ್ಯಾಬ್ ಹಗಲೆಲ್ಲಾ ಬಿಸಿಲು ಕುಡಿದು ರಾತ್ರಿ ಎಂಟು, ಹತ್ತರ ಹೊತ್ತಿಗೆ ಕೆಳಗೆ ದಗೆ ಬಿಡುತ್ತೆ, ನೀವು ಮಲಗಲು ಹೋಗುವ ಹೊತ್ತಿಗೆ ಸರಿಯಾಗಿ. ಕೈ ಎತ್ತಿ ಸೀಲಿಂಗ್ ಮುಟ್ಟಿ ನೋಡಿ, ರೊಟ್ಟಿ ಹಂಚು ಇಳಿಸಿಟ್ಟ ಹಾಗಿರುತ್ತೆ. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳು ಈ ಸಂಕಟ ಕೊಡುತ್ತಿರಲಿಲ್ಲ, ಅದು ಬೇರೆ ಮಾತು. ಫೆಬ್ರವರಿಯಲ್ಲೇ ಮಾಳಿಗೆಗೆ ಬಿಳಿ ಸುಣ್ಣವೋ ಬಿಸಿಲು ತಡೆಯುವ ಬಿಳಿ ಪೇಂಟೋ ಎರಡು ಕೈ ಹೊಡೆಸಿ. ಹೊರಗಿನ ಯೂನಿಟ್ ನೆರಳಲ್ಲಿ ಇಡಿಸಿ. ಎಸಿಯ ಟನ್ ಲೆಕ್ಕ ಹೊರಗೆ 35 ಡಿಗ್ರಿ ಅಂತ ಹಿಡಿದು ಮಾಡಿದ್ದು, ನಮ್ಮಲ್ಲಿ 42 ಆದಾಗ ಅದು ಅಷ್ಟು ತಂಪು ಕೊಡಲ್ಲ. ಹಾಲ್‌ಗೆ ನನ್ನನ್ನು ಕೇಳಿದರೆ ಕೂಲರ್ ಸಾಕಿತ್ತು. ಒಣ ಸೆಖೆಗೆ ಅದಕ್ಕಿಂತ ಅಗ್ಗದ್ದು ಇಲ್ಲ, ಕಿಟಕಿ ಮಾತ್ರ ತೆರೆದಿರಬೇಕು. ಎಸಿ, ಕೂಲರ್ ಎರಡನ್ನೂ ಒಂದೇ ಕೋಣೆಯಲ್ಲಿ ಒಟ್ಟಿಗೆ ಹಾಕಬೇಡಿ, ಒಂದು ತೇವ ತುಂಬುತ್ತೆ, ಇನ್ನೊಂದು ತೇವ ತೆಗೆಯಲು ಒದ್ದಾಡುತ್ತೆ.

ಗಂಗಾವತಿಯಿಂದ ಒಬ್ಬ ತಾಯಿ: ಮಗಳ ಬಾಣಂತನಕ್ಕೆ ಅಂತ ಹೋದ ಚಳಿಗಾಲ ಇಂಗ್ಲೆಂಡಿಗೆ ಹೋಗಿದ್ದೆವು. ಬಾಡಿಗೆ ಮನೆ. ಹಾಲ್ ಗೋಡೆಯಲ್ಲಿ ಒಂದು ಥರ್ಮೋಸ್ಟಾಟ್, ಪ್ರತಿ ಕೋಣೆಯಲ್ಲಿ ಕಿಟಕಿ ಕೆಳಗೆ ಕಬ್ಬಿಣದ ಹಲಗೆಯಂಥದ್ದು, ಅದಕ್ಕೆ 1ರಿಂದ 5ರವರೆಗೆ ತಿರುಗಿಸುವ ಗುಂಡಿ. ಕೂಸಿನ ಕೋಣೆ ತಣ್ಣಗಿತ್ತು ಅಂತ ನಮ್ಮವರು ಹಾಲ್‌ನದನ್ನು 26ಕ್ಕೆ ಏರಿಸಿದರು. ಹಾಲ್ ಕಾದು ಹೋಯಿತು, ಕೂಸಿನ ಕೋಣೆ ಹಾಗೇ ಇತ್ತು. ಅಳಿಯಂದಿರಿಗೆ ಗ್ಯಾಸ್ ಬಿಲ್ ಬಂದು ಮುಖ ಸಣ್ಣದಾಯಿತು. ಈ ಡಿಸೆಂಬರ್‌ಗೆ ಮತ್ತೆ ಹೊರಟಿದ್ದೇವೆ, ಏನು ಮಾಡಬೇಕು?

ಅಮ್ಮಾ, ತಪ್ಪು ನಿಮ್ಮ ಯಜಮಾನರದಲ್ಲ, ಅಲ್ಲಿ ಹುಟ್ಟಿ ಬೆಳೆದವರೇ ಇದನ್ನು ಮಾಡುತ್ತಾರೆ. ಆ ಮನೆಯಲ್ಲಿ ಒಂದು ಬಾಯ್ಲರ್ ಗ್ಯಾಸ್‌ನಿಂದ ನೀರು ಕಾಯಿಸುತ್ತೆ, ಪಂಪ್ ಅದನ್ನು ಎಲ್ಲಾ ಹಲಗೆಗಳಿಗೆ, ಅಂದರೆ ರೇಡಿಯೇಟರ್‌ಗಳಿಗೆ, ಓಡಿಸುತ್ತೆ. ಬಾಯ್ಲರ್ ಉರಿಯಬೇಕೋ ಬೇಡವೋ ಅಂತ ಹೇಳುವುದು ಹಾಲ್‌ನ ಥರ್ಮೋಸ್ಟಾಟ್ ಒಂದೇ. ಅದಕ್ಕೆ ಹಾಲ್ ಬಿಟ್ಟು ಬೇರೆ ಕೋಣೆ ಗೊತ್ತಿಲ್ಲ. ಗುಂಡಿಯೊಳಗೆ ಮೇಣವೋ ದ್ರವವೋ ಇರುತ್ತೆ, ಕೋಣೆ ಬೆಚ್ಚಗಾದಂತೆ ಅದು ಉಬ್ಬಿ ಆ ಒಂದು ರೇಡಿಯೇಟರ್‌ಗೆ ನೀರು ತಡೆಯುತ್ತೆ. 1ರಿಂದ 5 ಅನ್ನುವುದು ಫ್ಯಾನ್ ವೇಗದ ಹಾಗೆ ಅಲ್ಲ. 3 ಅಂದರೆ ಸುಮಾರು 20 ಡಿಗ್ರಿಗೆ ನಿಲ್ಲು ಅಂತ ಅರ್ಥ. ನಕ್ಷತ್ರದ ಗುರುತು ಇದ್ದರೆ ಅದು ಪೈಪ್ ಹೆಪ್ಪುಗಟ್ಟದ ಹಾಗೆ ಮಾತ್ರ.

ಹಾಗಾಗಿ ಕೂಸಿನ ಕೋಣೆಗೆ ಹೋಗಿ ಗುಂಡಿಯನ್ನು 5ಕ್ಕೆ ತಿರುಗಿಸಿ ಅರ್ಧ ಗಂಟೆ ಬಿಡಿ. ಬಾಯ್ಲರ್ ಉರಿಯುತ್ತಿದ್ದೂ ರೇಡಿಯೇಟರ್ ಪೂರ್ತಿ ತಣ್ಣಗಿದ್ದರೆ, ಗುಂಡಿಯೊಳಗಿನ ಪುಟ್ಟ ಪಿನ್ ಬೇಸಿಗೆಯೆಲ್ಲಾ ಮುಚ್ಚಿಕೊಂಡು ಕೂತು ಅಂಟಿರುತ್ತೆ. ಬುಡ ಬಿಸಿ, ತಲೆ ತಣ್ಣಗಿದ್ದರೆ ಒಳಗೆ ಗಾಳಿ ತುಂಬಿದೆ, ಅದಕ್ಕೊಂದು ಪುಟ್ಟ ಕೀಲಿ ಬರುತ್ತೆ, ಅಳಿಯಂದಿರು ಐದು ನಿಮಿಷದಲ್ಲಿ ಗಾಳಿ ಬಿಡಿಸುತ್ತಾರೆ. ಎರಡೂ ಅಲ್ಲದಿದ್ದರೆ ಪರದೆ ನೋಡಿ. ಉದ್ದದ ಪರದೆ ಗುಂಡಿ ಮೇಲೆ ಬಿದ್ದಿದ್ದರೆ ಅದರೊಳಗೆ ಬಿಸಿ ಸೇರಿ, ಕೋಣೆ ಬೆಚ್ಚಗಾಯಿತು ಅಂತ ಗುಂಡಿ ಮೋಸ ಹೋಗುತ್ತೆ. ನೀವು ಕೂಸಿನ ಬಟ್ಟೆ ಅದರ ಮೇಲೇ ಹರವಿದ್ದಿರಿ ಅಂತ ನನ್ನ ಗುಮಾನಿ!

ಹಾಲ್‌ನ ರೇಡಿಯೇಟರ್‌ಗೂ ಇಂಥ ಗುಂಡಿ ಇದ್ದರೆ ಅದನ್ನು ಪೂರ್ತಿ ತೆರೆದಿಡಿ. ಥರ್ಮೋಸ್ಟಾಟ್ ಇರುವ ಕೋಣೆಯಲ್ಲಿ ಎರಡು ಯಜಮಾನರು ಇರಬಾರದು. ಗೋಡೆಯದನ್ನು 20ರ ಸುತ್ತ ಇಟ್ಟು, ಯಾರೂ ಇಲ್ಲದ ಕೋಣೆಗಳ ಗುಂಡಿಯನ್ನು 2ಕ್ಕೆ ಇಳಿಸಿ, ಬಾಗಿಲು ಹಾಕಿ. ಮಗಳು ಅಳಿಯ ಅಲ್ಲೇ ನೆಲೆ ನಿಲ್ಲುವುದಾದರೆ ಬ್ಯಾಟರಿ ಹಾಕುವ ಎಲೆಕ್ಟ್ರಾನಿಕ್ ಗುಂಡಿಗಳು ಸಿಗುತ್ತವೆ. ಅವುಗಳಲ್ಲಿ ಕೆಲವು ಕೂಸಿನ ಕೋಣೆ ತಣ್ಣಗಾಯಿತು ಅಂತ ಸೀದಾ ಬಾಯ್ಲರ್‌ಗೇ ಹೇಳುತ್ತವೆ, ಹಾಲ್‌ನ ಅಪ್ಪಣೆಗೆ ಕಾಯಲ್ಲ. ಬಾಡಿಗೆ ಮನೆ, ಓನರ್‌ನ ಕೇಳಿ ಮಾಡಿಸಲಿ. ಇಂಗ್ಲೆಂಡಿನಲ್ಲಿ 150 ಚದರ ಮೀಟರ್ ಮೀರಿದ ಹೊಸ ಮನೆ ಕಟ್ಟಿದರೆ ಕನಿಷ್ಠ ಎರಡು ಝೋನ್ ಇರಲೇಬೇಕು ಅಂತ ಕಟ್ಟಡ ನಿಯಮವೇ ಇದೆ. ಬಾಡಿಗೆಗೆ ಸಿಗುವ ಹಳೇ ಚಿಕ್ಕ ಮನೆಗಳಿಗೆ ಆ ಭಾಗ್ಯ ಇಲ್ಲ.

ಇನ್ನೊಂದು ಮಾತು, ಬೇಜಾರಾಗಬೇಡಿ. ನಮ್ಮಲ್ಲಿ ಬಾಣಂತಿ ಕೋಣೆ ಅಂದರೆ ಬೆವರು ಇಳಿಯಬೇಕು ಅನ್ನುವ ಲೆಕ್ಕ. ಅಲ್ಲಿ ಕೂಸು ಮಲಗುವ ಕೋಣೆ 16ರಿಂದ 20 ಡಿಗ್ರಿ ಇದ್ದರೆ ಸಾಕು ಅಂತ ಡಾಕ್ಟರುಗಳು ಹೇಳುತ್ತಾರೆ, ಅದಕ್ಕಿಂತ ಕಾಯಿಸುವುದು ಕೂಸಿಗೇ ಒಳ್ಳೆಯದಲ್ಲ. ಕೆಂಡದ ಅಗ್ಗಿಷ್ಟಿಕೆ, ಲೋಬಾನದ ಹೊಗೆ ಮಾತ್ರ ಅಲ್ಲಿ ಬೇಡವೇ ಬೇಡ. ಗಾಳಿ ಆಡದ ಮನೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಜೀವ ತೆಗೆಯುತ್ತೆ.

ರಾಯಚೂರಿನಿಂದ ಒಬ್ಬ ಓದುಗರು: ಮೂರು ಬಾತ್‌ರೂಮ್‌ಗೂ ಸೇರಿ ಮಾಳಿಗೆ ಹತ್ತಿರ ಒಂದೇ ದೊಡ್ಡ ಗೀಸರ್ ಇಡಿಸಲಾ, ಅಥವಾ ಮೂರು ಚಿಕ್ಕವು ಬೇಕಾ?

ಮೂರು ಚಿಕ್ಕವು. ಹತ್ತು ಮೀಟರ್ ಅರ್ಧ ಇಂಚಿನ ಪೈಪ್ ಒಳಗೆ ಹೆಚ್ಚುಕಮ್ಮಿ ಒಂದೂವರೆ-ಎರಡು ಲೀಟರ್ ನೀರು ನಿಂತಿರುತ್ತೆ. ಪ್ರತಿ ಸಲ ನಲ್ಲಿ ತಿರುಗಿಸಿದಾಗ ಅದು ತಣ್ಣಗೆ ಹರಿದು ಹೋಗಿ ಆಮೇಲೆ ಬಿಸಿ ಬರಬೇಕು. ಕೈ ತೊಳೆಯಲು ಯಾರು ಕಾಯುತ್ತಾರೆ? ಚಿಕ್ಕವು ಮೂರಿದ್ದರೆ ಯಾರು ಸ್ನಾನಕ್ಕೆ ಹೋಗುತ್ತಾರೋ ಅವರದಷ್ಟೇ ಆನ್. ಮೂರನ್ನೂ ಒಟ್ಟಿಗೆ ಹಾಕಬೇಡಿ, ಒಂದೊಂದೂ ಎರಡು ಕಿಲೋವಾಟ್ ಎಳೆಯುತ್ತೆ. ಬೋರ್ ನೀರಾದರೆ ವರ್ಷಕ್ಕೊಮ್ಮೆ ಒಳಗಿನ ಸುಣ್ಣದ ಹಕ್ಕಳೆ ತೆಗೆಸಿ, ಇಲ್ಲದಿದ್ದರೆ ಕಾಯಿಲ್ ಸುಡುತ್ತೆ. ಮಾರ್ಚ್‌ನಿಂದ ಜೂನ್‌ವರೆಗೆ ಮೂರನ್ನೂ ಆಫ್ ಮಾಡಿ. ಆಗ ನಿಮ್ಮ ಮಾಳಿಗೆ ಮೇಲಿನ ಕರೀ ಟ್ಯಾಂಕೇ ಗೀಸರ್, ತಣ್ಣೀರು ಬೇಕಾದವರು ಬೆಳಗಿನ ಐದಕ್ಕೇ ಬಕೆಟ್ ತುಂಬಿಟ್ಟುಕೊಳ್ಳಬೇಕು.