ಅಮ್ಮನ ದಮ್ಮು, ಎರಡು ರಾಜ್ಯದ ಮದ್ದು

"ಕೇರಳದ ಸರ್ಕಾರಿ ಆಸ್ಪತ್ರೆಗಳನ್ನು ಎಲ್ಲರೂ ಹೊಗಳ್ತಾರೆ. ನೀವು ಮಾತ್ರ ದಮ್ಮಿಗೂ ಮಂಗಳೂರಿಗೆ ಓಡ್ತೀರಲ್ಲ, ಅಷ್ಟೊಂದು ಕನ್ನಡದ ಹುಚ್ಚಾ?" ಅಂತ ಕೇಳಿದೆಯಲ್ಲ, ಬೆಂಗಳೂರಿನಲ್ಲಿ ಕೂತು ಕೇಳುವುದು ಸುಲಭ ಮಾರಾಯ.

ಓಡುವುದು ಹೌದು. ಆದರೆ ಊರಿನ ಆಸ್ಪತ್ರೆ ಬಿಟ್ಟು ಓಡುವುದಲ್ಲ. ನಮಗೆ ಅದೂ ಬೇಕು, ಇದೂ ಬೇಕು. ನಮ್ಮದು ಕಾಸರಗೋಡು ಜಿಲ್ಲೆ, ಕರ್ನಾಟಕದ ಗಡಿ. ಮಂಜೇಶ್ವರದ ಕಡೆಯವರಿಗೆ ಮಂಗಳೂರು ಬಸ್ಸಿನಲ್ಲಿ ಗಂಟೆಯೊಳಗಿನ ದಾರಿ. ತಿರುವನಂತಪುರಕ್ಕೆ ರೈಲಿನಲ್ಲಿ ಒಂದು ರಾತ್ರಿ ಬೇಕು. 1956ರ ನವೆಂಬರ್ 1ಕ್ಕೆ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದರು ನಿಜ, ಕಾಯಿಲೆ ಬಿದ್ದವರು ಹಳೇ ದಾರಿಯನ್ನೇ ಹಿಡಿದರು. ನಮ್ಮ ಜಿಲ್ಲೆಯ ಉಕ್ಕಿನಡ್ಕದ ಸರ್ಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದರು. ಅದರ ಕಥೆ ಇನ್ನೊಂದು ದಿನ ಹೇಳ್ತೇನೆ, ದೊಡ್ಡದಿದೆ.

ಅಮ್ಮನದು ಸಿಒಪಿಡಿ, ಅಂದರೆ ಶ್ವಾಸನಾಳ ಕಟ್ಟಿಕೊಂಡು ಪೂರ್ತಿ ಬಿಡದ ದಮ್ಮು. ಅವರು ಬೀಡಿ ಸೇದಿದವರಲ್ಲ, ಕಟ್ಟಿದವರು. ಮೊರದಲ್ಲಿ ಹೊಗೆಸೊಪ್ಪಿನ ಹುಡಿ, ಒಳಗೆ ಸೌದೆ ಒಲೆ, ಜೀವಮಾನ ಅದರ ನಡುವೆಯೇ ಹೋಯಿತು. ಹೀಗಾಗಿ "ಸ್ಮೋಕ್ ಮಾಡ್ತಾರಾ?" ಅನ್ನುವ ಪ್ರಶ್ನೆಗೆ "ಇಲ್ಲ" ಅಂದ ಕೂಡಲೇ ತುಂಬಾ ಡಾಕ್ಟರುಗಳು ಅಸ್ತಮಾ ಅಂತ ಬರೆದು ಮುಗಿಸಿಬಿಟ್ಟರು. ಸರಿಯಾಗಿ ಪತ್ತೆ ಹಚ್ಚಿದ್ದು ಎಲ್ಲಿ ಗೊತ್ತಾ? ನಮ್ಮ ಧರ್ಮಾಸ್ಪತ್ರೆಯಲ್ಲಿ. ಈಗ ಅದಕ್ಕೆ ಕುಟುಂಬ ಆರೋಗ್ಯ ಕೇಂದ್ರ ಅಂತ ಹೆಸರು. 2017ರಲ್ಲಿ ಸರ್ಕಾರಿ ಆಸ್ಪತ್ರೆ ಸುಧಾರಿಸಲು ಕೇರಳ ಸರ್ಕಾರದ ಆರ್ದ್ರಂ ಮಿಷನ್ ಬಂದ ಮೇಲೆ ಇಂಥ ಕೇಂದ್ರಗಳಲ್ಲಿ ಶ್ವಾಸ್ ಕ್ಲಿನಿಕ್ ಶುರುವಾಯಿತು, ದಮ್ಮಿನವರಿಗೆಂದೇ. ಊದುವ ಪರೀಕ್ಷೆ ಅಲ್ಲೇ ಮಾಡಿದರು. ಮದ್ದು ಎಳೆಸಿ ಮತ್ತೆ ಊದಿಸಿದರು. ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿಗೆ ಹೊರಬರುವ ಪಾಲು ಆಗಲೂ ಶೇಕಡ 70ಕ್ಕಿಂತ ಕಡಿಮೆ ಇದ್ದರೆ ಶ್ವಾಸನಾಳ ಕಟ್ಟಿಕೊಂಡೇ ಇದೆ ಅಂತ ಲೆಕ್ಕ. ಹಣ ಕೊಡದೆ ಇಷ್ಟು ಆಗುವುದು ನಿಮ್ಮ ಬಡಾವಣೆಯಲ್ಲಿ ಉಂಟಾ, ಹೇಳು?

ಡಾಕ್ಟರು ತೆಂಕಣ ಕೇರಳದವರು. ಇಲ್ಲಿಗೆ ವರ್ಗ ಆಯಿತೆಂದರೆ ಶಿಕ್ಷೆ ಅಂತಲೇ ಬಂದಿರುತ್ತಾರೆ, ಊರು ಅರ್ಥವಾಗುವಷ್ಟರಲ್ಲಿ ಹೋಗಿರುತ್ತಾರೆ. ಮಧ್ಯೆ ನಿಂತು ತುಳುವಿನಲ್ಲಿ ವಿಷಯ ದಾಟಿಸುವುದು ಊರಿನ ಸಿಸ್ಟರ್. "ಸಮತಟ್ಟು ರಸ್ತೆಯಲ್ಲಿ ನಿಮ್ಮ ವಯಸ್ಸಿನವರ ಜೊತೆ ನಡೆದರೆ ಹಿಂದೆ ಬೀಳ್ತೀರಾ?" ಅಂತ ಕೇಳಿದ್ದಕ್ಕೆ ಅಮ್ಮ, "ಸಮತಟ್ಟು ರಸ್ತೆ ಎಲ್ಲುಂಟು ಇಲ್ಲಿ?" ಅಂದರು. ಮನೆ ತೋಟದ ಕೆಳಗೆ, ಬಸ್ಸು ಗುಡ್ಡೆಯ ಮೇಲೆ. ಅದೇ ಸಿಸ್ಟರ್ ಮೆಟ್ಟಿಲಿನ ಲೆಕ್ಕ ಕೇಳಿ ಉತ್ತರ ತುಂಬಿಸಿದರು.

ಇನ್ನು ನನ್ನ ನಿಜವಾದ ಗೋಳು ಕೇಳು. ಮಳೆಗಾಲದಲ್ಲಿ ದಮ್ಮು ಏರಿದರೆ ಆಕ್ಸಿಜನ್ ಬೇಕಾಗುತ್ತದೆ. ಆಗ ಮಂಗಳೂರಿಗೆ ಹೋಗಿ ಎಡ್ಮಿಟ್. ಬಿಡುಗಡೆ ಆಗುವಾಗ ಅವರು ಕೊಡುವುದು ಕ್ಯಾಪ್ಸೂಲಿನ ಯಂತ್ರ. ಗುಳಿಗೆ ಹಾಕಿ, ತಿರುಗಿಸಿ, ಜೋರಾಗಿ ರಪಕ್ಕನೆ ಎಳೆಯಬೇಕು. ಊರಿಗೆ ಬಂದರೆ ಕೇಂದ್ರದಲ್ಲಿ ಸ್ಪ್ರೇ ಸ್ಟಾಕ್ ಇರುತ್ತದೆ. ಅದನ್ನು ಒತ್ತಿ ನಿಧಾನವಾಗಿ, ಆಳವಾಗಿ ಎಳೆದು ಹತ್ತು ಎಣಿಸುವಷ್ಟು ಹೊತ್ತು ಉಸಿರು ಹಿಡಿಯಬೇಕು. ಒಂದಕ್ಕೊಂದು ತದ್ವಿರುದ್ಧ. ಅಮ್ಮ ಸ್ಪ್ರೇಯನ್ನು ರಪಕ್ಕನೆ ಎಳೆಯುತ್ತಾರೆ, ಮದ್ದೆಲ್ಲ ಗಂಟಲಿಗೆ. ಕ್ಯಾಪ್ಸೂಲನ್ನು ಮೆಲ್ಲ ಎಳೆಯುತ್ತಾರೆ, ಹುಡಿ ಅಲ್ಲೇ ಬಾಕಿ. ಸಿಸ್ಟರ್ ಸ್ಪೇಸರ್ ಕೊಟ್ಟಿದ್ದಾರೆ, ಸ್ಪ್ರೇಗೆ ಸಿಕ್ಕಿಸುವ ಟೊಳ್ಳು ಡಬ್ಬಿ. ಅದರಲ್ಲಿ ಕ್ಯಾಪ್ಸೂಲ್ ಹಾಕಬಹುದಾ ಅಂತ ಅಮ್ಮನ ಹೊಸ ಸಂಶಯ.

ಹೆಸರಿನದು ಇನ್ನೊಂದು ತಾಪತ್ರಯ. ಮಂಗಳೂರಿನ ಚೀಟಿಯಲ್ಲಿ ಕಂಪೆನಿ ಕೊಟ್ಟ ಹೆಸರು, ಊರಿನ ಚೀಟಿಯಲ್ಲಿ ಮದ್ದಿನ ಹೆಸರು. ಕಳೆದ ಮಳೆಗಾಲದ ನಂತರ ಅಮ್ಮನ ಕೈ ನಡುಗಲು ಶುರುವಾಯಿತು, ಎದೆ ಹೊಡೆದುಕೊಳ್ಳುತ್ತಿತ್ತು. ಕೇಂದ್ರದ ಫಾರ್ಮಸಿಸ್ಟ್ ಎರಡೂ ಡಬ್ಬ ಕೈಗೆ ತಗೊಂಡು ನೋಡಿದರು. ಎರಡರಲ್ಲೂ ಶ್ವಾಸನಾಳ ಬಿಡಿಸುವ ಫಾರ್ಮೋಟೆರಾಲ್, ಊತ ಇಳಿಸುವ ಸ್ಟೀರಾಯ್ಡ್ ಬುಡೆಸೊನೈಡ್. ಒಂದೇ ಮದ್ದು ಎರಡೆರಡು ಪಾಲು ಹೋಗುತ್ತಿತ್ತು. ಮದ್ದು ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು ಅಂತ ಮಂಗಳೂರಿನಲ್ಲಿ ಹೇಳಿರಲಿಲ್ಲವಾದ್ದರಿಂದ ನಾಲಗೆಯ ಮೇಲೆ ಬಿಳಿ ಬೂಸ್ಟು ಬೇರೆ.

ಊರಿನ ಡಾಕ್ಟರು ಬರೆದದ್ದನ್ನು ಮಂಗಳೂರಿನವರು ಓದುವುದಿಲ್ಲ. ಅಲ್ಲಿಂದ ತಂದ ಡಿಸ್ಚಾರ್ಜ್ ಚೀಟಿ ಇಲ್ಲಿನ ಕಂಪ್ಯೂಟರಿಗೆ ಏರುವುದಿಲ್ಲ. ಎರಡು ರಾಜ್ಯದ ನಡುವೆ ಸಂದೇಶ ಒಯ್ಯುವ ಪುಕ್ಕಟೆ ನೌಕರ ನಾನು. ಈಗ ಎರಡೂ ಯಂತ್ರ, ಸ್ಪೇಸರ್ ಎಲ್ಲ ಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೆ. ಡಾಕ್ಟರ ಮೇಜಿನ ಮೇಲೆ ಸುರಿದು, "ಎಳೆದು ತೋರಿಸ್ತಾರೆ, ನೋಡಿ ಆಮೇಲೆ ಬರೆಯಿರಿ" ಅನ್ನುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

"ಹಾಗಾದರೆ ಮಂಗಳೂರಲ್ಲೇ ಮನೆ ಮಾಡಿ" ಅನ್ನಬೇಡ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಕರ್ನಾಟಕದವರು ತಲಪಾಡಿ ಗಡಿಯಲ್ಲಿ ದಾರಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದಾಗ ಆಂಬುಲೆನ್ಸುಗಳೇ ತಿರುಗಿ ಬಂದವು. ಮಂಗಳೂರು ಮುಟ್ಟಲಾಗದೆ ಜನ ಸತ್ತರು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅತ್ತಲಿನವರಿಗೆ ನಾವು ಆ ದಿನ ಬರೀ ಕೇರಳದವರು. ಇತ್ತಲಿನವರು ಮೊದಲಿಂದಲೂ ನಮ್ಮನ್ನು ಮಂಗಳೂರಿನ ಕಡೆಯವರು ಅಂತಾರೆ. ನಾವು ಇಲ್ಲಿನವರು ಮಾರಾಯ. ತೋಟ ಇಲ್ಲಿದೆ, ಕನ್ನಡ ಶಾಲೆ ಇಲ್ಲಿದೆ, ಗುಳಿಗೆ ಮುಗಿಯಿತಾ ಅಂತ ಫೋನ್ ಮಾಡಿ ವಿಚಾರಿಸುವ ಸಿಸ್ಟರೂ ಇಲ್ಲಿದ್ದಾರೆ.

ಆ ಸಿಸ್ಟರೇ ಮೊನ್ನೆ ಮನೆಗೆ ಬಂದಾಗ ಹಿತ್ತಿಲಿಗೂ ಹೋಗಿ ನೋಡಿದರು. ಅಡುಗೆಗೆ ಗ್ಯಾಸ್ ಉಂಟು ಅಂತ ಎರಡೂ ರಾಜ್ಯದ ಡಾಕ್ಟರಿಗೆ ಹೇಳಿದ್ದೆವು. ಬಚ್ಚಲ ಹಂಡೆಯ ವಿಚಾರ ಯಾರೂ ಕೇಳಿರಲಿಲ್ಲ. ಅಮ್ಮ ದಿನಾ ಬೆಳಗ್ಗೆ ಅದರ ಒಲೆಗೆ ಅಡಿಕೆ ಸಿಪ್ಪೆ, ಹಸಿ ಮಡಲು ತುರುಕಿ, ಬಗ್ಗಿ ಕೂತು ಊದುತ್ತಾರೆ. ಸೋಲಾರ್ ಹಾಕಿಸಿದೆ. ಆ ನೀರು ಮೈಗೆ ಹಿಡಿಯುವುದಿಲ್ಲವಂತೆ.