ಮೌಸ್ ಅವರ ಕೈಯಲ್ಲೇ ಇರಲಿ

ಪ್ರಶ್ನೆ: ಕಂಪ್ಯೂಟರ್ ಹೊಸದಾಗಿ ಕಲಿಯುವವರಿಗೆ ಬಿಡುವಿನಲ್ಲಿ ನೆರವಾಗುತ್ತೇನೆ. ಕೇಳಿದ್ದನ್ನೇ ಕೇಳುತ್ತಾರೆ. ಮೊನ್ನೆ ಹಿರಿಯರೊಬ್ಬರಿಗೆ ‘ಗೂಗಲ್ ಮಾಡಿ ನೋಡಿ’ ಅಂದುಬಿಟ್ಟೆ. ಆಮೇಲೆ ಅವರು ಕೇಳುವುದನ್ನೇ ಬಿಟ್ಟರು. ಏನು ಮಾಡಲಿ?
– ಒಬ್ಬ ಓದುಗ, ಬಸವನಗುಡಿ, ಬೆಂಗಳೂರು

ಉತ್ತರ: ಮೊದಲು ನೀವೇ ಫೋನ್ ಮಾಡಿ ಅವರನ್ನು ಮಾತಾಡಿಸಿ. ಹುಡುಕುವುದಕ್ಕೂ ಯಾವ ಪದ ಹಾಕಬೇಕೆಂದು ಗೊತ್ತಿರಬೇಕಲ್ಲ, ಹೊಸಬರಿಗೆ ತಿಳಿಯದಿರುವುದೇ ಅದು.

ಜಯನಗರದ ನಮ್ಮ ಮನೆಗೆ ನಿವೃತ್ತ ಮೇಷ್ಟ್ರೊಬ್ಬರು ಬಂದು, ‘ಫೈಲು ಕೆಟ್ಟಿದೆ, ಕನ್ನಡವೆಲ್ಲ ಇಂಗ್ಲಿಷ್ ಅಕ್ಷರ ಆಗಿದೆ’ ಎಂದರು. ಕೆಟ್ಟಿರಲಿಲ್ಲ. ಅದು ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರ ಕೂರಿಸುತ್ತಿದ್ದವು. ಫಾಂಟ್ ಇಲ್ಲದ ಕಡೆ ಒಳಗಿನ ಇಂಗ್ಲಿಷೇ ಕಾಣುತ್ತದೆ. ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತವಿರುವ ಯೂನಿಕೋಡ್‌ಗೆ ಪರಿವರ್ತಿಸಿದರೆ ಆಯಿತು. ನಾನು ಮೌಸ್ ಕಸಿದುಕೊಂಡು ಮಾಡಿಕೊಟ್ಟೆ. ವಾರ ಕಳೆದು ಅದೇ ತೊಂದರೆ ಹೊತ್ತು ಮತ್ತೆ ಬಂದರು. ತಪ್ಪು ನನ್ನದು. ಈ ಸಲ ಅವರ ಕೈಯಲ್ಲೇ ಮಾಡಿಸಿದೆ, ಒಂದೊಂದು ಹೆಜ್ಜೆಯನ್ನೂ ಡೈರಿಯಲ್ಲಿ ಬರೆದುಕೊಂಡರು.

‘ಇದು ತುಂಬಾ ಸುಲಭ’ ಅನ್ನಬೇಡಿ. ಆಗದಿದ್ದಾಗ ತಾವೇ ದಡ್ಡರು ಅಂದುಕೊಳ್ಳುತ್ತಾರೆ. ಪರದೆಯ ಮೇಲಿನ ಸಂದೇಶವನ್ನು ಇದ್ದ ಹಾಗೆ ಓದಿಸಿ. ಪಾಸ್‌ವರ್ಡ್, ಒಟಿಪಿ ಮಾತ್ರ ಅವರೇ ಹೇಳಹೊರಟರೂ ತಡೆಯಿರಿ.